ಸುಂಕದವನ ಮುಂದೆ ಸುಖದುಃಖ ಹೇಳಬೇಡಿ: ಘಟ್ಟ ಇಳಿಯುವ ಕೊಡಗಿನವರಿಗೆ ಟೋಲ್ ಮಾರ್ಗದರ್ಶಿ

ನಮ್ಮ ಜಿಲ್ಲೆಗೆ ರೈಲು ಇಲ್ಲ. ವಿಮಾನ ನಿಲ್ದಾಣ ಇಲ್ಲ. ಹೆದ್ದಾರಿ ಟೋಲ್ ಗೇಟೂ ಇಲ್ಲ. ಮೊದಲ ಎರಡಕ್ಕೆ ಆಗಾಗ ಬೇಜಾರು ಮಾಡಿಕೊಳ್ಳುತ್ತೇವೆ, ಮೂರನೆಯದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಆದರೆ ಕೊಡಗಿನಲ್ಲೇ ಕೂತು ಬದುಕು ನಡೆಯುವುದಿಲ್ಲ ಅಲ್ವಾ? ಆಸ್ಪತ್ರೆಗೆ ಬೆಂಗಳೂರು, ಮಕ್ಕಳ ಕಾಲೇಜಿಗೆ ಮಂಗಳೂರು, ಮದುವೆಗೆ ಇನ್ನೆಲ್ಲೋ. ಎತ್ತ ಇಳಿದರೂ ಒಂದಲ್ಲ ಒಂದು ಕಡೆ ಕಂಬಿ ಅಡ್ಡ ಬೀಳುತ್ತದೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೂ ಟೋಲ್‌ನಲ್ಲಿ ನಾವು ಮಾಡುವುದು ಅದನ್ನೇ. ಬೂತಿನಲ್ಲಿ ಕೂತ ಹುಡುಗನ ಜೊತೆ ಐದು ನಿಮಿಷ ಜಗಳ, ಹಿಂದಿನ ಗಾಡಿಗಳ ಹಾರ್ನ್, ಕೊನೆಗೆ ದುಡ್ಡು ಕೊಟ್ಟು ಮುಂದೆ. ಆ ಹುಡುಗನಿಗೆ ದರ ಇಳಿಸುವ ಅಧಿಕಾರವಿಲ್ಲ. ಕಡಿದ ಹಣ ವಾಪಸ್ ಕೊಡುವ ಅಧಿಕಾರವಿಲ್ಲ. ರಸ್ತೆಯ ಗುಂಡಿ ಮುಚ್ಚುವವನೂ ಅವನಲ್ಲ. ಹಾಗಾದರೆ ಯಾರು? ಯಾವ ಮಾತನ್ನು ಯಾರ ಮುಂದೆ ಹೇಳಬೇಕು ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ನಿಮ್ಮ ದಾರಿಯಲ್ಲಿ ಯಾವ ಟೋಲ್ ಬರುತ್ತದೆ ನೋಡಿಕೊಳ್ಳಿ

ಕುಶಾಲನಗರ, ಮೈಸೂರು ದಾಟಿ ಬೆಂಗಳೂರಿಗೆ ಹೋಗುವವರಿಗೆ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಎರಡು ಕಡೆ ಟೋಲ್ ಸಿಗುತ್ತದೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಗಣಂಗೂರು, ಬಿಡದಿ ದಾಟಿದ ಮೇಲೆ ಶೇಷಗಿರಿಹಳ್ಳಿ. ವಾಪಸ್ ಬರುವಾಗ ಬೆಂಗಳೂರು ಬದಿಯ ಟೋಲ್ ಕಣಿಮಿಣಿಕೆಯಲ್ಲಿದೆ. ಈ ಬೆಂಗಳೂರು–ಮೈಸೂರು ರಸ್ತೆ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ಬಿಡದಿ ಕಡೆಯ (ಶೇಷಗಿರಿಹಳ್ಳಿ, ಕಣಿಮಿಣಿಕೆ) ವಸೂಲಿ ಎರಡೇ ದಿನದಲ್ಲಿ ಶುರುವಾಯಿತು, ಗಣಂಗೂರಿನದ್ದು ಅದೇ ವರ್ಷ ಜುಲೈ 1ರಿಂದ.

ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆ ಕಡೆಯವರು ಹಾಸನದ ಮೇಲೆ ಬೆಂಗಳೂರಿಗೆ ಹೋದರೆ ಹೆದ್ದಾರಿ 75. ಅಲ್ಲಿ ಮೊದಲು ಶಾಂತಿಗ್ರಾಮ, ಆಮೇಲೆ ನೆಲಮಂಗಲದವರೆಗೆ ಇನ್ನೂ ಗೇಟುಗಳಿವೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು, ಮಾಣಿ ದಾಟಿ ಮಂಗಳೂರಿಗೆ ಹೋದರೆ ಬಂಟ್ವಾಳದ ಹತ್ತಿರ ಬ್ರಹ್ಮರಕೂಟ್ಲು ಟೋಲ್.

ಬೆಂಗಳೂರು ಮುಟ್ಟಿದ ಮೇಲೆ ನೈಸ್ ರಸ್ತೆ ಹತ್ತಿದರೆ ಅದರ ಲೆಕ್ಕವೇ ಬೇರೆ. ಅದು ಖಾಸಗಿ ಕಂಪನಿ ನಡೆಸುವ ರಸ್ತೆ, ರಾಷ್ಟ್ರೀಯ ಹೆದ್ದಾರಿಯ ಪಾಸು, ರಿಯಾಯಿತಿ ಅಲ್ಲಿ ನಡೆಯುವುದಿಲ್ಲ. ವಿಮಾನ ನಿಲ್ದಾಣದ ದಾರಿಯಲ್ಲಿ ಸಾದಹಳ್ಳಿ ಟೋಲ್ ಇದೆ.

ಬಸ್ಸಿಗೆ ಹೋಗುವವರು ನಮಗೇನು ಎನ್ನಬೇಡಿ. 2023ರಲ್ಲಿ ಟೋಲ್ ಶುರುವಾದ ಕೂಡಲೇ ಕೆಎಸ್ಆರ್‌ಟಿಸಿಯವರು ಬೆಂಗಳೂರು–ಮೈಸೂರು ಟಿಕೆಟ್‌ಗೆ ಬಳಕೆದಾರರ ಶುಲ್ಕ ಸೇರಿಸಿದರು. ಸಾಮಾನ್ಯ ಬಸ್ಸಿಗೆ ಆಗ 15 ರೂಪಾಯಿ ಇತ್ತು.

ಜಿಲ್ಲೆಯ ಒಳಗೂ ರಸ್ತೆ ಬದಿಯಲ್ಲಿ ಚೀಟಿ ಹರಿಯುವವರು ಇದ್ದಾರಲ್ಲ? ಪ್ರವಾಸಿ ಜಾಗಗಳಲ್ಲಿ ವಸೂಲು ಮಾಡುವುದು ಪಾರ್ಕಿಂಗ್ ಶುಲ್ಕ. ಅದು ಟೋಲ್ ಅಲ್ಲ, ಗಾಡಿ ನಿಲ್ಲಿಸಿದ್ದಕ್ಕೆ ಮಾತ್ರ ಕೊಡಬೇಕಾದದ್ದು. ಯಾರೇ ಕೇಳಲಿ, ಚೀಟಿಯ ಮೇಲೆ ಯಾವ ಸಂಸ್ಥೆಯ ಹೆಸರಿದೆ, ಎಷ್ಟು ಮೊತ್ತ ಅಚ್ಚಾಗಿದೆ ನೋಡಿ. ಹೆಸರಿಲ್ಲದ ಚೀಟಿಗೆ ದುಡ್ಡು ಕೊಡುವುದು ನಿಮ್ಮಿಷ್ಟ, ನಾನಂತೂ ಕೊಡುವುದಿಲ್ಲ.

ಹೆಜ್ಜೆ 2: ರಸ್ತೆ ಯಾರದ್ದು, ವಸೂಲಿ ಯಾರದ್ದು

ಮಜಾ ಇರುವುದು ಇಲ್ಲಿ. ಒಂದೇ ಟೋಲ್ ಗೇಟಿನ ಹಿಂದೆ ನಾಲ್ಕೈದು ಕೈಗಳಿರುತ್ತವೆ.

ಎಲ್ಲಕ್ಕಿಂತ ಮೇಲೆ ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ. ಯಾವ ರಸ್ತೆಗೆ ಟೋಲ್ ಹಾಕಬೇಕು, ಯಾವ ಲೆಕ್ಕದಲ್ಲಿ ಹಾಕಬೇಕು ಎಂದು ಗೆಜೆಟ್‌ನಲ್ಲಿ ಪ್ರಕಟಿಸುವುದು ಅದೇ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಇದಕ್ಕೆ ಬುಡ. ದಿನನಿತ್ಯದ ವ್ಯವಹಾರಕ್ಕೆ 2008ರ ಶುಲ್ಕ ನಿಯಮಗಳು. ಟೋಲ್ ಬಗ್ಗೆ ಯಾರ ಜೊತೆ ವಾದ ಮಾಡುವುದಿದ್ದರೂ ಈ 2008ರ ನಿಯಮಗಳ ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಮುಕ್ಕಾಲು ಪಾಲು ವಿಷಯ ಅದರಲ್ಲೇ ಇದೆ.

ಅದರ ಕೆಳಗೆ ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. ಎಲ್ಲರೂ ಎನ್ಎಚ್ಎಐ ಎನ್ನುತ್ತೇವೆ. ಪ್ರತಿ ರಸ್ತೆಯನ್ನು ಅದರ ಒಂದು ಯೋಜನಾ ಅನುಷ್ಠಾನ ಘಟಕ ನೋಡಿಕೊಳ್ಳುತ್ತದೆ, ಅದಕ್ಕೊಬ್ಬರು ಯೋಜನಾ ನಿರ್ದೇಶಕರು. ಅರ್ಜಿ ಬರೆಯುವುದಾದರೆ ಬರೆಯಬೇಕಾದದ್ದು ಈ ನಿರ್ದೇಶಕರಿಗೆ. ಆದರೆ ರಾಷ್ಟ್ರೀಯ ಹೆದ್ದಾರಿ ಎಂದ ಮಾತ್ರಕ್ಕೆ ಎಲ್ಲವೂ ಪ್ರಾಧಿಕಾರದ ಕೈಯಲ್ಲಿ ಇರುವುದಿಲ್ಲ. ಎಷ್ಟೋ ಕಡೆ ರಾಜ್ಯ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗವೇ ರಸ್ತೆ ನೋಡಿಕೊಳ್ಳುತ್ತದೆ. ದೂರು ಕಳಿಸುವ ಮುಂಚೆ ಯಾರ ಸುಪರ್ದಿ ಎಂದು ಒಂದು ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ನಿಮ್ಮ ಅರ್ಜಿ ಎರಡು ಕಚೇರಿಗಳ ನಡುವೆ ತಿಂಗಳುಗಟ್ಟಲೆ ಓಡಾಡುತ್ತದೆ.

ಮೂರನೆಯ ಕೈ ರಸ್ತೆ ಕಟ್ಟಿದ ಕಂಪನಿಯದ್ದು. ಅದರ ಒಪ್ಪಂದದಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಬಿಒಟಿ. ಕಂಪನಿ ತನ್ನ ದುಡ್ಡಿನಲ್ಲಿ ರಸ್ತೆ ಮಾಡುತ್ತದೆ, ಇಷ್ಟು ವರ್ಷ ಅಂತ ತಾನೇ ಟೋಲ್ ಎತ್ತುತ್ತದೆ, ಆಮೇಲೆ ಸರ್ಕಾರಕ್ಕೆ ಬಿಟ್ಟುಕೊಡುತ್ತದೆ. ತೋಟ ಗೇಣಿಗೆ ಪಡೆದವನು ಫಸಲು ತಿನ್ನುವ ಹಾಗೆ. ಎರಡನೆಯದು ಹ್ಯಾಮ್. ಕಟ್ಟುವಾಗ ಖರ್ಚಿನ ಶೇ 40ರಷ್ಟನ್ನು ಸರ್ಕಾರ ಕೊಡುತ್ತದೆ, ಉಳಿದ ಶೇ 60ನ್ನು ಕಂಪನಿ ಹೊಂದಿಸಿಕೊಂಡು ವರ್ಷ ವರ್ಷ ಕಂತಿನಲ್ಲಿ ವಾಪಸ್ ಪಡೆಯುತ್ತದೆ. ಇಲ್ಲಿ ಟೋಲ್ ಹಣ ಕಂಪನಿಗಲ್ಲ, ಪ್ರಾಧಿಕಾರದ ಕಡೆಗೆ. ಬೆಂಗಳೂರು–ಮೈಸೂರು ರಸ್ತೆ ಈ ಹ್ಯಾಮ್ ಬಗೆಯದ್ದು. ಗಾಡಿ ಜಾಸ್ತಿ ಓಡಿದಷ್ಟೂ ಕಂಟ್ರಾಕ್ಟರ್ ದುಡ್ಡು ಮಾಡುತ್ತಾನೆ ಎಂದು ಬಸ್‌ಸ್ಟ್ಯಾಂಡ್‌ನಲ್ಲಿ ಹೇಳುವವರ ಲೆಕ್ಕ ಈ ರಸ್ತೆಗೆ ಹೊಂದುವುದಿಲ್ಲ. ಮೂರನೆಯದು ಟಿಒಟಿ. ಆಗಲೇ ಆಗಿ ನಿಂತ ರಸ್ತೆಯ ವಸೂಲಿ ಹಕ್ಕನ್ನು ದೊಡ್ಡ ಮೊತ್ತ ಪಡೆದು ಹಲವು ವರ್ಷಕ್ಕೆ ವಹಿಸಿಕೊಡುವುದು.

ನಾಲ್ಕನೆಯ ಕೈ ವಸೂಲಿ ಏಜೆನ್ಸಿ. ಬೂತಿನ ಹುಡುಗರಿಗೆ ಸಂಬಳ ಕೊಡುವುದು ಸಾಮಾನ್ಯವಾಗಿ ಇದೇ. ಐದನೆಯದು ಫಾಸ್ಟ್ಯಾಗ್ ಬಳಗ: ಟ್ಯಾಗ್ ಕೊಟ್ಟ ನಿಮ್ಮ ಬ್ಯಾಂಕ್, ಟೋಲ್‌ನ ಬ್ಯಾಂಕ್, ನಡುವೆ ಲೆಕ್ಕ ಹೊಂದಿಸುವ ಎನ್‌ಪಿಸಿಐ, ಹೆದ್ದಾರಿ ಕಡೆಯಿಂದ ಇದನ್ನೆಲ್ಲ ನಡೆಸುವ ಐಎಚ್ಎಂಸಿಎಲ್ ಎಂಬ ಕಂಪನಿ.

ರಾಜ್ಯ ಹೆದ್ದಾರಿಯಲ್ಲಿ ಟೋಲ್ ಇದ್ದರೆ ಈ ಸಾಲೇ ಬೇರೆ. ಅದು ರಾಜ್ಯ ಸರ್ಕಾರದ್ದು. ಹಲವು ರಸ್ತೆಗಳನ್ನು 1999ರಲ್ಲಿ ಶುರುವಾದ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ ನೋಡಿಕೊಳ್ಳುತ್ತದೆ. ಅಲ್ಲಿನ ದೂರನ್ನು ಡೆಲ್ಲಿಗೆ ಕಳಿಸಿ ಪ್ರಯೋಜನವಿಲ್ಲ.

ರೋಡ್ ಟ್ಯಾಕ್ಸ್ ಕಟ್ಟಿದ್ದೇವಲ್ಲ, ಮತ್ತೆ ಟೋಲ್ ಯಾಕೆ ಎಂದು ಕೇಳದವರಿಲ್ಲ. ಆರ್‌ಟಿಒದಲ್ಲಿ ಕಟ್ಟಿದ ತೆರಿಗೆ ರಾಜ್ಯದ ಬೊಕ್ಕಸಕ್ಕೆ. ಹೆದ್ದಾರಿ ಟೋಲ್ ಕೇಂದ್ರದ ಅಥವಾ ಗುತ್ತಿಗೆದಾರರ ಲೆಕ್ಕಕ್ಕೆ. ಪೆಟ್ರೋಲ್, ಡೀಸೆಲ್ ಮೇಲಿನ ರಸ್ತೆ ಸೆಸ್ ಇನ್ನೊಂದು. ಒಂದೇ ರಸ್ತೆಗೆ ಮೂರು ಜೇಬಿನಿಂದ ಕೊಡುತ್ತೇವೆ ಎಂಬ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಪ್ರಶ್ನೆ ಕೇಳಬೇಕಾದದ್ದು ಓಟು ಕೇಳಿಕೊಂಡು ಬಂದವರಿಗೆ, ಬೂತಿನಲ್ಲಲ್ಲ.

ಹೆಜ್ಜೆ 3: ಬೋರ್ಡಿನ ಮೇಲಿನ ದರ ಎಲ್ಲಿಂದ ಬಂತು

2007–08ರ ಬೆಲೆಯಲ್ಲಿ ನಾಲ್ಕು ಲೇನ್ ರಸ್ತೆಗೆ ಮೂಲ ದರ ಹೀಗಿತ್ತು: ಕಾರು, ಜೀಪಿಗೆ ಕಿಲೋಮೀಟರಿಗೆ 65 ಪೈಸೆ, ಮಿನಿ ಬಸ್ ಮತ್ತು ಸಣ್ಣ ಲಾರಿಗೆ 1 ರೂಪಾಯಿ 5 ಪೈಸೆ, ಬಸ್ ಮತ್ತು ಲಾರಿಗೆ 2 ರೂಪಾಯಿ 20 ಪೈಸೆ. ಎರಡು ಲೇನ್ ರಸ್ತೆಯಾದರೆ ಇದರ ಶೇ 60. ಪ್ರತಿ ವರ್ಷ ಏಪ್ರಿಲ್ 1ಕ್ಕೆ ಮೂಲ ದರಕ್ಕೆ ಶೇ 3 ಸೇರುತ್ತದೆ. ಅದರ ಮೇಲೆ ಸಗಟು ಬೆಲೆ ಸೂಚ್ಯಂಕ ಎಷ್ಟು ಏರಿದೆಯೋ ಅದರ ಶೇ 40 ಕೂಡ. ಕೊನೆಗೆ 5ರ ಲೆಕ್ಕಕ್ಕೆ ಸರಿಮಾಡುತ್ತಾರೆ. ಅದಕ್ಕೇ ಯಾವ ಬೋರ್ಡಿನಲ್ಲೂ 163 ರೂಪಾಯಿ ಎಂದು ಇರುವುದಿಲ್ಲ. ನಿಮಗೆ ಯಾರಾದರೂ ಹಳೆಯ ದರ ಹೇಳಿದರೆ ಅದು ಕಳೆದ ಮಾರ್ಚ್ ತನಕದ್ದು ಎಂದುಕೊಳ್ಳಿ.

ಇಷ್ಟೇ ಆದರೆ ಸಲೀಸು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ದುಡ್ಡು ಜಾಸ್ತಿ ಎನಿಸಲು ಇನ್ನೊಂದು ಕಾರಣ ಮೇಲ್ಸೇತುವೆಗಳು. ಸೇತುವೆ, ಸುರಂಗ, ಮೇಲ್ರಸ್ತೆ ಎಷ್ಟು ಉದ್ದವಿದೆಯೋ ಅದರ ಹತ್ತರಷ್ಟು ಎಂದು ಲೆಕ್ಕ ಹಿಡಿಯುತ್ತಾರೆ. ಉದಾಹರಣೆಗೆ 40 ಕಿಲೋಮೀಟರ್ ರಸ್ತೆಯಲ್ಲಿ 4 ಕಿಲೋಮೀಟರ್ ಮೇಲ್ಸೇತುವೆ ಇದೆ ಎನ್ನಿ. ಸಾದಾ ರಸ್ತೆ 36, ಸೇತುವೆ 4ರ ಹತ್ತರಷ್ಟು 40. ನೀವು ಓಡಿಸಿದ್ದು 40, ಕೊಟ್ಟದ್ದು 76 ಕಿಲೋಮೀಟರಿಗೆ.

2025ರ ಜುಲೈಯಲ್ಲಿ ಈ ನಿಯಮ ತಿದ್ದಿದರು. ಟೋಲ್ ಅರ್ಧಕ್ಕರ್ಧ ಇಳಿಯಿತು ಎಂದು ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿತು. ವಿಷಯ ಅಷ್ಟಿಲ್ಲ. ಈಗ ಮೇಲಿನ ಲೆಕ್ಕ ಅಥವಾ ಇಡೀ ರಸ್ತೆಯ ಉದ್ದದ ಐದರಷ್ಟು, ಇವೆರಡರಲ್ಲಿ ಕಡಿಮೆ ಯಾವುದೋ ಅದು. ನಮ್ಮ ಉದಾಹರಣೆಯಲ್ಲಿ ಐದರಷ್ಟು ಎಂದರೆ 200. 76 ಅದಕ್ಕಿಂತ ಕಡಿಮೆ, ಹಾಗಾಗಿ 76ಕ್ಕೇ ಕೊಡಬೇಕು. ರಸ್ತೆಯ ಹೆಚ್ಚುಕಡಿಮೆ ಅರ್ಧ ಭಾಗ ಸೇತುವೆಯೋ ಸುರಂಗವೋ ಆಗಿದ್ದರೆ ಮಾತ್ರ ಲಾಭ.

ಇನ್ನೊಂದು ಸಂಗತಿ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಗಣಂಗೂರಿನಂಥ ಗೇಟಿನಲ್ಲಿ ನೀವು ಎಷ್ಟು ದೂರ ಓಡಿಸಿದಿರಿ ಎಂದು ಯಾರೂ ಕೇಳುವುದಿಲ್ಲ. ಗೇಟು ದಾಟಿದಿರಾ, ಆ ಭಾಗದ ಇಡೀ ಶುಲ್ಕ. ಮೈಸೂರಿನಿಂದ ಮಂಡ್ಯಕ್ಕೆ ಹೋದವರೂ ಅಷ್ಟೇ, ಆ ಭಾಗ ಮುಗಿಯುವ ನಿಡಘಟ್ಟದವರೆಗೆ ಹೋದವರೂ ಅಷ್ಟೇ. ಓಡಿಸಿದಷ್ಟಕ್ಕೇ ಟೋಲ್ ಎಂಬ ಉಪಗ್ರಹ ಪದ್ಧತಿಯನ್ನು ಪ್ರಾಯೋಗಿಕವಾಗಿ ನೋಡಲು ಆರಿಸಿದ ರಸ್ತೆಗಳಲ್ಲಿ ಬೆಂಗಳೂರು–ಮೈಸೂರು ಕೂಡ ಒಂದು. ಅದು ಬರುವವರೆಗೆ ಸರ್ವಿಸ್ ರಸ್ತೆಯೇ ಗತಿ. ಹತ್ತಿರದ ಊರಿಗಾದರೆ ಸರ್ವಿಸ್ ರಸ್ತೆಯಲ್ಲಿ ಹೋಗುವುದು ನಿಮ್ಮ ಹಕ್ಕು, ಯಾರೂ ತಡೆಯುವಂತಿಲ್ಲ.

ರಸ್ತೆಗೆ ಹಾಕಿದ ದುಡ್ಡು ಬಂದ ಮೇಲೆ ಟೋಲ್ ನಿಲ್ಲುತ್ತದಾ? 2008ರ ನಿಯಮದಲ್ಲಿ ನಿಲ್ಲುವ ಮಾತಿರಲಿಲ್ಲ, ಶೇ 40ಕ್ಕೆ ಇಳಿಸುವ ಮಾತಿತ್ತು. 2023ರ ತಿದ್ದುಪಡಿಯಲ್ಲಿ ಆ ಇಳಿಕೆಯೂ ಹೋಯಿತು.

ಹೆಜ್ಜೆ 4: ಫಾಸ್ಟ್ಯಾಗ್ ಅನ್ನು ಮನೆಯಲ್ಲೇ ಸರಿ ಮಾಡಿಕೊಂಡು ಹೊರಡಿ

2021ರ ಫೆಬ್ರವರಿ 15ರ ನಡುರಾತ್ರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಟ್ಯಾಗ್ ಇಲ್ಲದಿದ್ದರೆ ಅಥವಾ ಇದ್ದೂ ಕೆಲಸ ಮಾಡದಿದ್ದರೆ ನಗದಾಗಿ ಕೊಡುವಾಗ ಎರಡರಷ್ಟು ಎಂಬ ನಿಯಮ ಆಗ ಬಂತು. 2025ರ ನವೆಂಬರ್ 15ರಿಂದ ಯುಪಿಐಯಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು ಎಂದಾಗಿದೆ. ಆಗಿನ ಲೆಕ್ಕದಲ್ಲಿ 100 ರೂಪಾಯಿ ಟೋಲ್‌ಗೆ ನಗದಾದರೆ 200, ಯುಪಿಐ ಆದರೆ 125.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಹಿಂದೆಯೇ ಟವರೂ ಹೋಗುತ್ತದೆ. ದಾರಿಯಲ್ಲಿ ರೀಚಾರ್ಜ್ ಮಾಡಿದರಾಯಿತು ಎಂದು ಹೊರಟರೆ ಕೆಟ್ಟಿರಿ. ಹಿಂದಿನ ರಾತ್ರಿಯೇ ಬ್ಯಾಲೆನ್ಸ್ ನೋಡಿ, ದುಡ್ಡು ಹಾಕಿ. ಟೋಲ್ ಸಾಲಿನಲ್ಲಿ ನಿಂತು ಹಾಕಿದ ದುಡ್ಡು ಗೇಟಿನ ಕಂಪ್ಯೂಟರಿಗೆ ತಕ್ಷಣ ಕಾಣುವುದಿಲ್ಲ. ಕಡಿಮೆಯೆಂದರೂ ಒಂದು ಗಂಟೆ ಮುಂಚೆ ಹಾಕಿ ಎಂದು ನಾನು ಎಲ್ಲರಿಗೂ ಹೇಳುವುದು.

ಬ್ಯಾಲೆನ್ಸ್ ಇದ್ದರೂ ಟ್ಯಾಗ್ ಕೈಕೊಡಬಹುದು. ಬ್ಯಾಂಕಿನ ಕೆವೈಸಿ ಬಾಕಿ ಇರಬಹುದು. ಹೊಸ ಗಾಡಿಯ ಟ್ಯಾಗ್ ಇನ್ನೂ ಚಾಸಿಸ್ ನಂಬರಿನಲ್ಲೇ ಇದ್ದು, ನಮ್ಮ ಕೊಡಗಿನ ಕೆಎ 12 ನಂಬರ್ ಸೇರಿಸದೆ ಬಿಟ್ಟಿರಬಹುದು. ಹಳೆಯ ಗಾಡಿ ಮಾರುವಾಗ ಟ್ಯಾಗ್ ಮುಚ್ಚಿಸದಿದ್ದರೆ ಹೊಸ ಯಜಮಾನ ಓಡಾಡಿದ್ದಕ್ಕೆ ನಿಮ್ಮ ಖಾತೆಯಿಂದ ಹಣ ಹೋಗುತ್ತದೆ. ಟ್ಯಾಗನ್ನು ಗಾಜಿನ ಒಳಬದಿ, ಕನ್ನಡಿಯ ಹಿಂದೆ ಸರಿಯಾಗಿ ಅಂಟಿಸಿ. ಡ್ಯಾಶ್‌ಬೋರ್ಡಿನಲ್ಲಿಟ್ಟು ಗೇಟಿನಲ್ಲಿ ಕೈಯೆತ್ತಿ ತೋರಿಸುವವರ ಟ್ಯಾಗನ್ನು ಕಪ್ಪುಪಟ್ಟಿಗೆ ಹಾಕುತ್ತಾರೆ.

ತೋಟದ ಪಿಕಪ್ ಇಟ್ಟುಕೊಂಡವರು ಇನ್ನೊಂದು ನೋಡಬೇಕು. ಒಟ್ಟು ತೂಕ 7,500 ಕಿಲೋ ಮೀರದ ಗಾಡಿಗೆ ಕಾರಿನ ದರವೇ. ಅದಕ್ಕೆ ಮೇಲೆ 12,000 ಕಿಲೋ ಒಳಗಿನದ್ದು ಸಣ್ಣ ಸರಕು ಗಾಡಿಯ ವರ್ಗ. ಟ್ಯಾಗ್ ಕೊಡುವಾಗ ವರ್ಗ ತಪ್ಪಾಗಿ ಹಾಕಿದ್ದರೆ ಕಾಳುಮೆಣಸು, ಕಾಫಿ ಹೊತ್ತು ಹೋಗುವ ಪ್ರತಿ ಸಲವೂ ಜಾಸ್ತಿ ಕಡಿತ. ಆರ್‌ಸಿ ತೆಗೆದು ತೂಕ ನೋಡಿ, ಬ್ಯಾಂಕಿನ ಆ್ಯಪ್‌ನಲ್ಲಿ ವರ್ಗ ನೋಡಿ. ಐದು ನಿಮಿಷದ ಕೆಲಸ.

ಫಾಸ್ಟ್ಯಾಗ್ ಇದ್ದವರಿಗೆ ಒಂದು ಲಾಭವೂ ಇದೆ. 24 ಗಂಟೆಯೊಳಗೆ ಅದೇ ದಾರಿಯಲ್ಲಿ ವಾಪಸಾದರೆ ಹಿಂದಿರುಗುವಾಗ ಅರ್ಧವೇ ಕಡಿತ, ಕೇಳಬೇಕಾಗಿಯೂ ಇಲ್ಲ. ಬೆಳಿಗ್ಗೆ 4ಕ್ಕೆ ಮಡಿಕೇರಿ ಬಿಟ್ಟು ಬೆಂಗಳೂರಿನಲ್ಲಿ ಡಾಕ್ಟರ್ ಹತ್ತಿರ ತೋರಿಸಿ ರಾತ್ರಿ ಊರು ಸೇರುವವರಿಗೆ ಇದು ಉಪಯೋಗ.

ಹೆಜ್ಜೆ 5: ವಾರ್ಷಿಕ ಪಾಸ್ ನಿಮಗೆ ಬೇಕಾ?

2025ರ ಆಗಸ್ಟ್ 15ರಿಂದ ಖಾಸಗಿ ಕಾರು, ಜೀಪು, ವ್ಯಾನಿಗೆ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ ದಾಟುವುದು, ಯಾವುದು ಮೊದಲೋ ಅಲ್ಲಿಗೆ ಮುಗಿಯಿತು. ಕೊಳ್ಳುವ ದಿನ ಹೆದ್ದಾರಿ ಪ್ರಾಧಿಕಾರದ ರಾಜಮಾರ್ಗಯಾತ್ರಾ ಆ್ಯಪ್‌ನಲ್ಲಿ ಆಗಿನ ಬೆಲೆ ನೋಡಿಕೊಳ್ಳಿ, ಪಾಸ್ ಕೊಳ್ಳುವುದೂ ಅಲ್ಲೇ.

ಲೆಕ್ಕ ಸುಲಭ. ಗಣಂಗೂರು ಮತ್ತು ಬಿಡದಿ ಬದಿಯ ಟೋಲ್ ಸೇರಿ ಕಾರಿಗೆ ಒಂದು ಕಡೆಗೆ 300 ರೂಪಾಯಿ ದಾಟುತ್ತದೆ. ಹೋಗಿ ಬರಲು 600ಕ್ಕೂ ಮೇಲೆ. ವರ್ಷಕ್ಕೆ ಐದು ಸಲ ಬೆಂಗಳೂರಿಗೆ ಹೋಗಿ, ಉಳಿದುಕೊಂಡು ಬಂದರೆ ಪಾಸಿನ ದುಡ್ಡು ಹುಟ್ಟಿತು. ಒಂದು ಸಲ ಹೋಗಿ ಬಂದರೆ ನಾಲ್ಕು ಗೇಟು, ಅಂದರೆ 200ರಲ್ಲಿ ನಾಲ್ಕು ಕಳೆಯಿತು. ಬೆಂಗಳೂರಿನಲ್ಲಿ ಮಕ್ಕಳಿರುವ ಮನೆಗೆ ಸುಮ್ನೆ ತೆಗೆದುಕೊಳ್ಳಬಹುದು. ವರ್ಷಕ್ಕೆರಡು ಸಲ ಘಟ್ಟ ಇಳಿಯುವವರಿಗೆ ಬೇಡ.

ಹಳದಿ ಬೋರ್ಡ್ ಗಾಡಿಗೆ ಈ ಪಾಸ್ ಇಲ್ಲ. ಹೋಂಸ್ಟೇ ನಡೆಸುವವರು ಬಿಳಿ ಬೋರ್ಡಿನಲ್ಲಿ ಪಾಸ್ ಮಾಡಿ ಅತಿಥಿಗಳನ್ನು ಬಾಡಿಗೆಗೆ ಕರೆತರುವ ಯೋಚನೆ ಮಾಡಬೇಡಿ, ಅದು ಬೇರೆಯೇ ತಪ್ಪು. ರಾಜ್ಯ ಹೆದ್ದಾರಿ, ನೈಸ್ ರಸ್ತೆಯಲ್ಲಿ ಪಾಸ್ ನಡೆಯುವುದಿಲ್ಲ. ಅಲ್ಲಿ ಮಾಮೂಲಿ ಬ್ಯಾಲೆನ್ಸಿನಿಂದಲೇ ಹೋಗುತ್ತದೆ. ಹಾಗಾಗಿ ಪಾಸ್ ಇದ್ದರೂ ಖಾತೆಯಲ್ಲಿ ನಾಲ್ಕು ಕಾಸು ಇರಲಿ.

ಹೆಜ್ಜೆ 6: ಮಾಫಿ ಯಾರಿಗೆ?

ಸೈನಿಕರ ಜಿಲ್ಲೆಯಾದ್ದರಿಂದ ಈ ಪ್ರಶ್ನೆ ನಮ್ಮಲ್ಲಿ ಜಾಸ್ತಿ. ನಮ್ಮ ಪಕ್ಕದ ತೋಟದಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಒಮ್ಮೆ ಜೊತೆಗೆ ಹೋಗುವಾಗ ಗುರುತಿನ ಚೀಟಿ ಕೈಯಲ್ಲಿ ಹಿಡಿದೇ ಕೂತಿದ್ದರು. "ಮಾವ, ನಿವೃತ್ತರಿಗೆ ಇಲ್ಲವಂತೆ" ಎಂದೆ. "ಬಿಡೋ, ಇಪ್ಪತ್ತೆಂಟು ವರ್ಷ ಗಡಿ ಕಾದವನು ನಾನು" ಎಂದರು. ನೋವಿನ ಮಾತು, ಆದರೆ ನಿಯಮ ನಾನು ಹೇಳಿದ ಹಾಗೇ ಇದೆ. ಸೇನೆಯವರಿಗೆ 1901ರ ಹಳೆಯ ಕಾಯ್ದೆಯಂತೆ ಸಿಗುವ ವಿನಾಯಿತಿ ಕರ್ತವ್ಯದ ಮೇಲೆ ಇರುವವರಿಗೆ. ರಜೆಯಲ್ಲಿ ಸ್ವಂತ ಕಾರಿನಲ್ಲಿ ಹೋಗುವಾಗಲೂ, ನಿವೃತ್ತಿಯ ಮೇಲೂ ಅದು ಬರುವುದಿಲ್ಲ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಪಡೆದವರು ಭಾವಚಿತ್ರವಿರುವ ಗುರುತು ಚೀಟಿ ತೋರಿಸಿದರೆ ಟೋಲ್ ಇಲ್ಲ.

ಆಂಬುಲೆನ್ಸ್, ಅಗ್ನಿಶಾಮಕ ಗಾಡಿಗೆ ಟೋಲ್ ಇಲ್ಲ. ಅಂಗವಿಕಲರಿಗೆಂದೇ ಮಾರ್ಪಡಿಸಿದ ಗಾಡಿಗೂ ಇಲ್ಲ. ಬೈಕಿಗೆ ಟೋಲ್ ಬರುತ್ತದೆ ಎಂಬ ಸುದ್ದಿ 2025ರಲ್ಲಿ ಓಡಾಡಿತು, ಕೇಂದ್ರ ಸಚಿವರೇ ಅದು ಸುಳ್ಳು ಎಂದರು. ಆದರೆ ಬೆಂಗಳೂರು–ಮೈಸೂರು ಮುಖ್ಯ ರಸ್ತೆಗೆ ಬೈಕ್, ಆಟೋ, ಟ್ರ್ಯಾಕ್ಟರ್‌ಗಳಿಗೆ 2023ರ ಆಗಸ್ಟ್ 1ರಿಂದ ಪ್ರವೇಶವೇ ಇಲ್ಲ. ಬುಲೆಟ್‌ನಲ್ಲಿ ಹೋಗುವ ಹುಡುಗರು ಸರ್ವಿಸ್ ರಸ್ತೆ ಹಿಡಿಯಬೇಕು.

ಹೆಜ್ಜೆ 7: ಗೇಟಿನಲ್ಲಿ ತಕರಾರಾದರೆ

"ಸಾರ್, ಸ್ಕ್ಯಾನ್ ಆಗ್ತಿಲ್ಲ, ಕ್ಯಾಶ್ ಕೊಡಿ." ಈ ಮಾತು ಕೇಳದ ಡ್ರೈವರ್ ಇಲ್ಲ. ನಿಮ್ಮ ಟ್ಯಾಗ್ ಸರಿಯಾಗಿದ್ದು, ಬ್ಯಾಲೆನ್ಸ್ ಇದ್ದು, ಅವರ ಯಂತ್ರವೇ ಕೆಟ್ಟಿದ್ದರೆ ದುಡ್ಡು ಕೊಡಬೇಕಾಗಿಲ್ಲ. ಶೂನ್ಯ ಮೊತ್ತದ ರಸೀದಿ ಕೊಟ್ಟು ಬಿಡಬೇಕು ಎಂದು 2018ರಲ್ಲೇ ನಿಯಮ ಬಂದಿದೆ. ಫೋನಿನಲ್ಲಿ ಬ್ಯಾಲೆನ್ಸ್ ತೋರಿಸಿ, ಶಿಫ್ಟ್ ಮ್ಯಾನೇಜರನ್ನು ಕರೆಸಿ, ಸಮಾಧಾನವಾಗಿ ಕೇಳಿ. ಕೂಗಾಡಿದರೆ ನಿಯಮ ಬಿಟ್ಟು ಬೇರೆಲ್ಲ ಚರ್ಚೆಯಾಗುತ್ತದೆ.

ಸಾಲು 100 ಮೀಟರ್ ದಾಟಿದರೆ ಟೋಲ್ ಇಲ್ಲ ಎಂದು ವಾದಿಸುವವರು ಈಗಲೂ ಇದ್ದಾರೆ. 2021ರ ಮೇ ತಿಂಗಳಲ್ಲಿ ಪ್ರಾಧಿಕಾರ ಅಂಥ ಸೂಚನೆ ಹೊರಡಿಸಿದ್ದು ನಿಜ. 2024ರಲ್ಲಿ ಅದನ್ನು ವಾಪಸ್ ಪಡೆದಿದೆ. ಆ ವಾದ ಬಿಟ್ಟುಬಿಡಿ.

ರಸ್ತೆ ಹಾಳಾಗಿದೆ, ಟೋಲ್ ಕೊಡಲ್ಲ ಎನ್ನಬಹುದಾ? ಗೇಟಿನಲ್ಲಿ ಎಂದರೆ ಪ್ರಯೋಜನವಿಲ್ಲ. ಕೋರ್ಟಿನಲ್ಲಿ ಎಂದವರು ಗೆದ್ದಿದ್ದಾರೆ. ಕೇರಳದ ತ್ರಿಶೂರ್ ಜಿಲ್ಲೆಯ ಪಾಲಿಯೆಕ್ಕರ ಟೋಲನ್ನು 2025ರ ಆಗಸ್ಟ್‌ನಲ್ಲಿ ಅಲ್ಲಿನ ಹೈಕೋರ್ಟ್ ನಿಲ್ಲಿಸಿತು. ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಹೋದರೂ ಅಲ್ಲಿ ಮೇಲ್ಮನವಿ ನಿಲ್ಲಲಿಲ್ಲ. ಅಕ್ಟೋಬರ್‌ನಲ್ಲಿ ಮತ್ತೆ ವಸೂಲಿ ಶುರುವಾಯಿತು. 

ಟೋಲ್ ರಸ್ತೆಯಲ್ಲಿ ಗಾಡಿ ಕೆಟ್ಟರೆ, ಅಪಘಾತವಾದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಆಂಬುಲೆನ್ಸ್, ಕ್ರೇನ್, ಗಸ್ತು ಗಾಡಿ ನಿಮ್ಮ ಟೋಲ್ ದುಡ್ಡಿನಲ್ಲೇ ಬರುತ್ತದೆ. ಇದನ್ನು ಗೊತ್ತಿಲ್ಲದೆ ಪಕ್ಕದ ಊರಿನ ಮೆಕ್ಯಾನಿಕ್‌ಗೆ ಹುಡುಕಾಡುವವರೇ ಜಾಸ್ತಿ.

ಹೆಜ್ಜೆ 8: ಮನೆಯಲ್ಲಿದ್ದ ಕಾರಿಗೆ ಟೋಲ್ ಕಡಿದರೆ

ಕಾಫಿ ಕೊಯ್ಲಿನ ಹೊತ್ತು. ಕಾರು ನಾಲ್ಕು ದಿನದಿಂದ ಶೆಡ್ಡಿನಲ್ಲೇ ಇತ್ತು, ಕಣದಲ್ಲಿ ಕಾಫಿ ಹರವಿದ್ದರಿಂದ ಹೊರಗೆ ತೆಗೆಯಲು ದಾರಿಯೂ ಇರಲಿಲ್ಲ. ಮಧ್ಯಾಹ್ನ ಮೊಬೈಲಿಗೆ ಮೆಸೇಜ್: ದೂರದ ಒಂದು ಟೋಲ್‌ನಲ್ಲಿ ನನ್ನ ಗಾಡಿ ದಾಟಿದೆಯಂತೆ, ಹಣ ಕಡಿದಿದೆಯಂತೆ. ಯಾರೋ ಟ್ಯಾಗ್ ನಕಲು ಮಾಡಿದ್ದಾರೆ ಎಂದು ಗಾಬರಿಯಾದೆ. ಆಮೇಲೆ ಗೊತ್ತಾಯಿತು, ನಡೆಯುವುದು ಹಾಗಲ್ಲ. ಟ್ಯಾಗ್ ಓದದಿದ್ದಾಗ ಬೂತಿನವರು ಗಾಡಿ ನಂಬರನ್ನು ಕೈಯಲ್ಲಿ ಟೈಪ್ ಮಾಡುತ್ತಾರೆ. ಒಂದು ಅಂಕಿ ತಪ್ಪಿದರೆ ದುಡ್ಡು ಹೋಗುವುದು ಇನ್ಯಾರದ್ದೋ ಖಾತೆಯಿಂದ.

ನಾನು ಮಾಡಿದ್ದು ಇಷ್ಟು. ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡೆ. ಶೆಡ್ಡಿನಲ್ಲಿದ್ದ ಕಾರಿನ ಫೋಟೋವನ್ನು ಸಮಯ ಬರುವ ಹಾಗೆ ತೆಗೆದೆ. ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲಿ ಆ ವ್ಯವಹಾರದ ಮೇಲೆ ತಕರಾರು ಹಾಕಿದೆ, ದೂರಿನ ನಂಬರ್ ಬರೆದುಕೊಂಡೆ. 1033ಕ್ಕೂ ಹೇಳಿದೆ. ನಾನು ದಾಟಿಲ್ಲ ಎಂದು ತೋರಿಸುವುದಕ್ಕಿಂತ, ದಾಟಿದ್ದೇನೆ ಎಂದು ತೋರಿಸುವ ಫೋಟೋ ಅವರ ಹತ್ತಿರ ಇದೆಯೇ ಎಂಬುದೇ ಇಲ್ಲಿ ಮುಖ್ಯ. ಇರಲಿಲ್ಲ. ಹಣ ವಾಪಸ್ ಬಂತು. ಇಂಥ ತಪ್ಪು ಕಡಿತ ಸಾಬೀತಾದರೆ ವಸೂಲಿ ಏಜೆನ್ಸಿಗೆ ಒಂದೊಂದಕ್ಕೂ 1 ಲಕ್ಷ ರೂಪಾಯಿ ದಂಡ ಹಾಕುತ್ತಾರೆ. ಮೊತ್ತ ಸಣ್ಣದು ಎಂದು ಬಿಡದೆ ದೂರು ಕೊಡಿ ಎನ್ನುವುದು ಅದಕ್ಕೇ.

ಫಾಸ್ಟ್ಯಾಗ್ ಹಣದ ತಕರಾರು ಬ್ಯಾಂಕಿಗೆ ಮೊದಲು. ಸಿಬ್ಬಂದಿಯ ವರ್ತನೆ, ಶೌಚಾಲಯ, ಗುಂಡಿ, ದೀಪ ಇವೆಲ್ಲ 1033ಕ್ಕೆ, ಆಮೇಲೆ ಯೋಜನಾ ನಿರ್ದೇಶಕರಿಗೆ. ಅಲ್ಲೂ ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಎಂಬ ಕುಂದುಕೊರತೆ ಪೋರ್ಟಲ್. ಗುತ್ತಿಗೆ ಎಷ್ಟು ವರ್ಷ, ಎಷ್ಟು ವಸೂಲಾಗಿದೆ ಎಂದು ತಿಳಿಯಬೇಕಾದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ.

ಹೆಜ್ಜೆ 9: ಮನೆ ಬಾಗಿಲಿಗೆ ಟೋಲ್ ಬರುವ ಮುಂಚೆ

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಿಂದ ಕುಶಾಲನಗರದ ಕಡೆಗೆ 92 ಕಿಲೋಮೀಟರ್ ಉದ್ದದ ನಾಲ್ಕು ಲೇನ್ ರಸ್ತೆಯ ಯೋಜನೆ ಇದೆಯಲ್ಲ, ಅದು ಮುಗಿದ ಮೇಲೆ ಟೋಲ್ ಇಲ್ಲದೆ ಇರುತ್ತದೆ ಎಂದು ನಾನು ನಂಬುವುದಿಲ್ಲ. ಆಗ ಗೇಟು ಎಲ್ಲಿ ಬರುತ್ತದೆ ಎನ್ನುವುದೇ ನಮ್ಮ ಪ್ರಶ್ನೆ.

ನಿಯಮದ ಪ್ರಕಾರ ಒಂದೇ ರಸ್ತೆಯಲ್ಲಿ ಎರಡು ಟೋಲ್ ನಡುವೆ 60 ಕಿಲೋಮೀಟರ್ ಇರಬೇಕು, ಊರಿನ ಪೌರ ಗಡಿಯಿಂದ 10 ಕಿಲೋಮೀಟರ್ ದೂರ ಇರಬೇಕು. ಕಾರಣ ಬರೆದಿಟ್ಟು ಇದನ್ನು ಸಡಿಲಿಸಲು ದಾರಿಗಳೂ ಇವೆ. ಗೇಟಿನಿಂದ 20 ಕಿಲೋಮೀಟರ್ ಒಳಗೆ ಮನೆ ಇರುವವರ ಖಾಸಗಿ ಗಾಡಿಗೆ ಕಡಿಮೆ ದರದ ತಿಂಗಳ ಪಾಸ್ ಸಿಗುತ್ತದೆ. 2007–08ರ ಲೆಕ್ಕದಲ್ಲಿ ಅದು 150 ರೂಪಾಯಿ, 2025–26ಕ್ಕೆ 350 ಆಯಿತು. ಆದರೆ ಸರ್ವಿಸ್ ರಸ್ತೆಯೋ ಬೇರೆ ದಾರಿಯೋ ಇದ್ದರೆ ಈ ಪಾಸ್ ಇಲ್ಲ ಎಂದೂ ಅದೇ ನಿಯಮ ಹೇಳುತ್ತದೆ. ಹಳೆಯ ಪಿರಿಯಾಪಟ್ಟಣ ರಸ್ತೆ ಇದೆಯಲ್ಲ ಎಂದು ಅವರು ಹೇಳಿದರೆ ನಾವೇನು ಹೇಳಬೇಕು ಎಂದು ಈಗಲೇ ಯೋಚಿಸಬೇಕು.

ಇನ್ನೊಂದು ಕೊಕ್ಕೆ ಟ್ಯಾಕ್ಸಿ, ಪಿಕಪ್ ಇಟ್ಟುಕೊಂಡವರಿಗೆ. ಟೋಲ್ ಇರುವ ಜಿಲ್ಲೆಯಲ್ಲೇ ನೋಂದಣಿಯಾದ, ನ್ಯಾಷನಲ್ ಪರ್ಮಿಟ್ ಇಲ್ಲದ ಬಾಡಿಗೆ ಗಾಡಿಗೆ ಅರ್ಧ ದರ. ಇಲ್ಲೂ ಸರ್ವಿಸ್ ರಸ್ತೆಯ ಷರತ್ತಿದೆ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅದು ಮೈಸೂರು ಜಿಲ್ಲೆ. ಗೇಟು ಹೊಳೆಯ ಈಚೆ ಬಂದರೆ ಕೆಎ 12 ಗಾಡಿಗೆ ಅರ್ಧ ದರ ಕೇಳಬಹುದು. ಆಚೆ ಬಂದರೆ ಹುಣಸೂರಿನ ಗಾಡಿಗೆ ಸಿಗುತ್ತದೆ, ಎರಡು ಕಿಲೋಮೀಟರ್ ಪಕ್ಕದ ನಮ್ಮ ಗಾಡಿಗೆ ಸಿಗುವುದಿಲ್ಲ. ಟೋಲ್ ಅಧಿಸೂಚನೆ ಬಂದಾಗ ಅದರಲ್ಲಿ ಗೇಟಿನ ಜಾಗವನ್ನು ಕಿಲೋಮೀಟರ್ ನಂಬರ್ ಸಮೇತ ಬರೆದಿರುತ್ತಾರೆ. ಪತ್ರಿಕೆಯಲ್ಲಿ ಸಣ್ಣಕ್ಷರದ ಪ್ರಕಟಣೆ ಕಂಡರೆ ಮೊದಲು ಆ ನಂಬರ್ ನೋಡಿ, ಹೊಳೆಯ ಯಾವ ಬದಿ ಎಂದು ಲೆಕ್ಕ ಹಾಕಿ, ಆಮೇಲೆ ಟ್ಯಾಕ್ಸಿ ಸ್ಟ್ಯಾಂಡಿನವರಿಗೆ ತಿಳಿಸಿ.